ವಡಾಲ ಡಿಪೊಗೆ ಮೊದಲು ಜನ ಕೊಡಿ: ಮೋನೊರೈಲು ನಡೆಸುವವರಿಗೆ ಒಂದು ಬಹಿರಂಗ ಪತ್ರ

ಎಂಎಂಆರ್‌ಡಿಎ (ಮುಂಬೈ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಮತ್ತು ಮಹಾ ಮುಂಬೈ ಮೆಟ್ರೊ ನಿಗಮದ ಹಿರಿಯ ಅಧಿಕಾರಿಗಳಿಗೆ,

ನಮಸ್ಕಾರ.

ಎತ್ತರದ ಒಂದೇ ತೊಲೆಯ ಮೇಲೆ ಓಡುವ ಮುಂಬೈ ಮೋನೊರೈಲಿಗೆ ಹೈದರಾಬಾದಿನ ಮೇಧಾ ಕಂಪನಿಯಿಂದ ಹತ್ತು ಹೊಸ ಗಾಡಿ ತರಿಸುತ್ತಿದ್ದೀರಿ. ಹೊಸ ಸಿಗ್ನಲ್ ವ್ಯವಸ್ಥೆ ಕೂರಿಸುತ್ತಿದ್ದೀರಿ. ಎರಡೂ ಬೇಕೇ ಬೇಕಿತ್ತು. ಗಾಡಿಗಳ ಬಣ್ಣ, ಸೀಟು, ಕ್ಯಾಮೆರಾ ಎಲ್ಲದರ ಬಗ್ಗೆ ಪತ್ರಿಕೆಗಳಲ್ಲಿ ಓದಿದ್ದೇವೆ. ಇನ್ನು ನನ್ನ ಪ್ರಶ್ನೆಗಳು ಬೇರೆ. ವಡಾಲ ಡಿಪೊದಲ್ಲಿ ಆ ಗಾಡಿಗಳನ್ನು ಪರೀಕ್ಷಿಸಿ ರಿಪೇರಿ ಮಾಡಲು ಅವುಗಳ ಕೆಳಗೆ ರಾತ್ರಿ ಟಾರ್ಚ್ ಹಿಡಿದು ಇಳಿಯುವವರು ಎಷ್ಟು ಜನ? ಅವರು ಯಾರ ನೌಕರರು? ಅವರಿಗೆ ಕೆಲಸ ಕಲಿಸುವವರು ಯಾರು?

ನಾನು ಅಂಟಾಪ್ ಹಿಲ್‌ನಲ್ಲಿ ಇರುವವನು. ಲೋಕಲ್ ರೈಲುಗಳ ಕಾರ್‌ಶೆಡ್‌ನಲ್ಲಿ ಫಿಟ್ಟರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತನಾದವನು. ಇದೇ ಪತ್ರವನ್ನು ಮರಾಠಿಯಲ್ಲೂ ಬರೆದು ನಿಮ್ಮ ಕಚೇರಿಗೆ ಕೊಡುತ್ತಿದ್ದೇನೆ. ಕನ್ನಡದಲ್ಲಿ ಬರೆಯುವುದು ನಮ್ಮ ಜನ ಓದಲಿ ಅಂತ. ಚೆಂಬೂರು, ವಡಾಲ, ದಾದರ್ ಪೂರ್ವ, ನಾಯಗಾಂವ್ ಕಡೆ ಕನ್ನಡದವರು ಬೇಕಾದಷ್ಟು ಇದ್ದಾರೆ. ಹೋಟೆಲ್ ಕೆಲಸದವರು, ಕಟ್ಟಡ ಕೆಲಸದವರು, ವಡಾಲದ ಎನ್‌ಕೆಇಎಸ್ (ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿ) ಶಾಲೆಯಲ್ಲಿ ಮಕ್ಕಳನ್ನು ಓದಿಸಿದವರು. ಈ ಗಾಡಿ ಓಡಿದರೆ ಅವರಿಗೂ ಅನುಕೂಲ, ನಿಂತರೆ ಅವರಿಗೂ ತೊಂದರೆ. ಅವರೂ ನನ್ನ ಜೊತೆ ಈ ಪ್ರಶ್ನೆ ಕೇಳಲಿ.

ನಡೆದದ್ದನ್ನು ಚಿಕ್ಕದಾಗಿ ನೆನಪಿಸುತ್ತೇನೆ. 2014ರ ಫೆಬ್ರವರಿಯಲ್ಲಿ ವಡಾಲದಿಂದ ಚೆಂಬೂರಿಗೆ ಮೊದಲ ಹಂತ ಶುರುವಾಯಿತು. 2017ರ ನವೆಂಬರ್ 9ರ ಬೆಳಗಿನ ಜಾವ ಮೈಸೂರು ಕಾಲೊನಿ ನಿಲ್ದಾಣದಲ್ಲಿ ಎರಡು ಬೋಗಿ ಸುಟ್ಟುಹೋದವು. ಪುಣ್ಯಕ್ಕೆ ಒಳಗೆ ಪ್ರಯಾಣಿಕರು ಇರಲಿಲ್ಲ. ಮತ್ತೆ ಗಾಡಿ ಓಡಿದ್ದು 2018ರ ಸೆಪ್ಟೆಂಬರ್ 1ಕ್ಕೆ. ಅದೇ ವರ್ಷ ಡಿಸೆಂಬರ್‌ನಲ್ಲಿ ಗಾಡಿಗಳನ್ನು ಮಾಡಿಕೊಟ್ಟು ನಡೆಸುತ್ತಿದ್ದ ಮಲೇಷ್ಯಾದ ಸ್ಕೋಮಿ ಕಂಪನಿಯ ಗುತ್ತಿಗೆ ರದ್ದಾಗಿ, ಹೊಣೆಯೆಲ್ಲ ಎಂಎಂಆರ್‌ಡಿಎ ಹೆಗಲಿಗೆ ಬಂತು. 2019ರ ಮಾರ್ಚ್‌ನಲ್ಲಿ ಸಂತ ಗಾಡ್ಗೆ ಮಹಾರಾಜ ಚೌಕದವರೆಗೆ ಎರಡನೇ ಹಂತ ತೆರೆಯಿತು. ಒಟ್ಟು ಸುಮಾರು 20 ಕಿಲೋಮೀಟರ್, 17 ನಿಲ್ದಾಣ. ಆದರೆ ಬಿಡಿಭಾಗ ಸಿಗುತ್ತಿರಲಿಲ್ಲ. ನಿಂತ ಗಾಡಿಯ ಸಾಮಾನು ಬಿಚ್ಚಿ ಓಡುವ ಗಾಡಿಗೆ ಹಾಕುವ ಸ್ಥಿತಿ ಬಂತು. ಜನ ಒಂದು ಗಾಡಿಗೆ ಕಾಲು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕಾಯುತ್ತಿದ್ದರು.

2025ರ ಆಗಸ್ಟ್ 19ರ ಸಂಜೆಯನ್ನು ನೀವೂ ಮರೆತಿರಲಿಕ್ಕಿಲ್ಲ. ಮಳೆಗೆ ಲೋಕಲ್ ರೈಲಿನ ಹಾರ್ಬರ್ ಲೈನ್ ನಿಂತಿತ್ತು. ಮನೆ ಸೇರಲು ಬೇರೆ ದಾರಿ ಕಾಣದೆ ಜನ ಮೋನೊರೈಲಿಗೆ ನುಗ್ಗಿದರು. ಮೈಸೂರು ಕಾಲೊನಿ ಮತ್ತು ಭಕ್ತಿ ಪಾರ್ಕ್ ನಡುವೆ ಗಾಡಿ ನಿಂತುಬಿಟ್ಟಿತು. ಕರೆಂಟಿಲ್ಲ, ಎಸಿ ಇಲ್ಲ, ಉಸಿರಾಡಲು ಗಾಳಿ ಇಲ್ಲ. ಅಗ್ನಿಶಾಮಕ ದಳದವರು ಏಣಿ ಎತ್ತಿ 500ಕ್ಕೂ ಹೆಚ್ಚು ಜನರನ್ನು ಇಳಿಸಿದರು. 104 ಟನ್ ಹೊರಬೇಕಾದ ಗಾಡಿ ಸುಮಾರು 109 ಟನ್ ಹೊತ್ತಿತ್ತು, ಅದರಿಂದ ತೊಲೆಯ ಪಕ್ಕದ ಕರೆಂಟ್ ಪಟ್ಟಿಗೂ ಗಾಡಿಗೂ ಇದ್ದ ಸಂಪರ್ಕ ತಪ್ಪಿತು ಎಂದು ನೀವೇ ವಿವರಣೆ ಕೊಟ್ಟಿರಿ. ಭಾರ ಜಾಸ್ತಿಯಾದ್ದರಿಂದ ಬೇರೆ ಗಾಡಿಯಿಂದ ಎಳೆದು ತರಲೂ ಆಗಲಿಲ್ಲ ಎಂದಿರಿ. ಇಬ್ಬರು ಅಧಿಕಾರಿಗಳನ್ನು ಅಮಾನತು ಮಾಡಿದಿರಿ. ತಪ್ಪಿದ್ದರೆ ವಿಚಾರಣೆ ಆಗಲಿ, ಬೇಡ ಅನ್ನೋದಿಲ್ಲ. ಆದರೆ ಆ ಅಮಾನತಿನಿಂದ ಡಿಪೊದಲ್ಲಿ ಕೆಲಸ ಮಾಡುವ ಕೈ ಒಂದೂ ಜಾಸ್ತಿಯಾಗಲಿಲ್ಲ.

ಸೆಪ್ಟೆಂಬರ್ 20ರಿಂದ ಸೇವೆಯನ್ನೇ ನಿಲ್ಲಿಸಿದಿರಿ. ನವೆಂಬರ್ 5ರಂದು ಪರೀಕ್ಷೆಗೆ ಓಡಿಸುತ್ತಿದ್ದ ಗಾಡಿ ವಡಾಲ ಬಳಿ ತೊಲೆ ಬಿಟ್ಟು ವಾಲಿತು. ಅದರಲ್ಲಿ ಪ್ರಯಾಣಿಕರು ಇರಲಿಲ್ಲ. ಇದ್ದವರು ಕೆಲಸಗಾರರು.

ಇಷ್ಟೆಲ್ಲ ಆದಮೇಲೆ ಮೋನೊರೈಲೇ ಕೆಟ್ಟ ಐಡಿಯಾ, ಕಿತ್ತು ಹಾಕಿ ಅನ್ನುವವರು ಜಾಸ್ತಿಯಾಗಿದ್ದಾರೆ. ನಾನು ಒಪ್ಪುವುದಿಲ್ಲ. ಟೋಕಿಯೊದ ಮೋನೊರೈಲು 1964ರಲ್ಲಿ ಒಲಿಂಪಿಕ್ಸ್ ಹೊತ್ತಿಗೆ ಶುರುವಾಗಿ ಇವತ್ತಿಗೂ ವಿಮಾನ ನಿಲ್ದಾಣಕ್ಕೆ ಜನರನ್ನು ಒಯ್ಯುತ್ತಿದೆ. (ಅದೇ 1964ರ ಮಾರ್ಚ್ 31ರಂದು ಮುಂಬೈ ತನ್ನ ಕೊನೆಯ ಟ್ರಾಮ್ ಓಡಿಸಿತು. ಇದ್ದದ್ದನ್ನು ಕಿತ್ತು ಹಾಕುವುದರಲ್ಲಿ ನಮ್ಮ ನಗರಕ್ಕೆ ಅನುಭವ ಇದೆ.) ತೊಲೆ ಮೇಲೆ ರಬ್ಬರ್ ಚಕ್ರದಲ್ಲಿ ಓಡುವ ಗಾಡಿಯನ್ನು ಅಷ್ಟು ವರ್ಷ ನಡೆಸಬಹುದು. ನಡೆಸಲು ಬೇಕಾಗುವುದು ದಿನವೂ ಅದನ್ನು ಮುಟ್ಟಿ ನೋಡುವ, ಅದರ ಸದ್ದು ಗೊತ್ತಿರುವ ಜನ.

ಈಗ ಡಿಪೊ ಒಳಗಿನ ವಿಷಯಕ್ಕೆ ಬರುತ್ತೇನೆ. ಹೊರಗಿನವರಿಗೆ ಇದು ಕಾಣುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಕೊನೆಯ ಗಾಡಿ ರಾತ್ರಿ ಡಿಪೊಗೆ ಬರುತ್ತದೆ. ಮೊದಲ ಗಾಡಿ ನಸುಕಿಗೆ ಹೊರಡಬೇಕು. ನಡುವೆ ಕೈಗೆ ಸಿಗುವುದು ನಾಲ್ಕೈದು ಗಂಟೆ. ಅದರಲ್ಲೂ ಕರೆಂಟ್ ಬಂದ್ ಮಾಡಿಸಬೇಕು, ಬಂದ್ ಆಗಿದೆ ಅಂತ ಪರೀಕ್ಷಿಸಬೇಕು, ಅರ್ಥಿಂಗ್ ಹಾಕಬೇಕು. ಆಮೇಲೆ ಕೆಲಸ. ಬ್ರೇಕ್, ಬಾಗಿಲು, ಎಸಿ, ಬ್ಯಾಟರಿ, ಕಂಪ್ಯೂಟರ್‌ನಲ್ಲಿ ದಾಖಲಾದ ದೋಷಗಳು. ಮೋನೊರೈಲಿಗೆ ಇನ್ನೂ ಕೆಲವು ಸೇರುತ್ತವೆ. ಭಾರ ಹೊರುವ ಟೈರು ತೊಲೆಯ ಮೇಲೆ ಓಡುತ್ತದೆ. ಗಾಡಿ ಪಕ್ಕಕ್ಕೆ ವಾಲದಂತೆ ಹಿಡಿಯುವ ಟೈರುಗಳು ತೊಲೆಯ ಎರಡೂ ಬದಿಗೆ ಒತ್ತಿಕೊಂಡಿರುತ್ತವೆ. ಒಂದೊಂದರ ಗಾಳಿ, ಸವೆತ ನೋಡಬೇಕು. ತೊಲೆಯ ಪಕ್ಕದ ಪಟ್ಟಿಯಿಂದ 750 ವೋಲ್ಟ್ ಕರೆಂಟ್ ಹಿಡಿಯುವ ಶೂ ಸರಿಯಾಗಿ ಒತ್ತುತ್ತಿದೆಯಾ, ಸ್ಪ್ರಿಂಗ್ ಸಡಿಲವಾಗಿದೆಯಾ ನೋಡಬೇಕು. ಇದು ಕಣ್ಣಿನಿಂದ, ಕೈಯಿಂದ ಮಾಡುವ ಕೆಲಸ. ನಾಲ್ಕು ಬೋಗಿಗೆ ಇಬ್ಬರನ್ನು ಬಿಟ್ಟರೆ ಆಗೋದಿಲ್ಲ.

ಜನ ಕಡಿಮೆಯಾದಾಗ ಏನಾಗುತ್ತದೆ ಅನ್ನೋದನ್ನು ನಾನು ಕಂಡಿದ್ದೇನೆ. ಬ್ರೇಕನ್ನು ಯಾರೂ ಬಿಡುವುದಿಲ್ಲ. ಅಷ್ಟು ಮರ್ಯಾದೆ ಪ್ರತಿ ಫಿಟ್ಟರ್‌ಗೂ ಇರುತ್ತದೆ. ಬಿಟ್ಟುಹೋಗುವುದು ಸಣ್ಣ ಕೆಲಸಗಳು. ಕೇಬಲ್ ಹಿಡಿದಿರುವ ಕ್ಲಾಂಪ್ ಬಿಗಿ ಮಾಡುವುದು. ಎಸಿ ನೀರು ಹೋಗುವ ಕೊಳವೆ ಸ್ವಚ್ಛ ಮಾಡುವುದು. ಬಾಗಿಲಿನ ರಬ್ಬರ್ ಬದಲಿಸುವುದು. ಇವು ಪೆಂಡಿಂಗ್ ರಿಜಿಸ್ಟರ್‌ಗೆ ಹೋಗುತ್ತವೆ. ಮರುವಾರವೂ ಜನ ಇರುವುದಿಲ್ಲ, ಅಲ್ಲೇ ಉಳಿಯುತ್ತವೆ. ಸಡಿಲ ಕ್ಲಾಂಪಿನ ಕೇಬಲ್ ಉಜ್ಜುತ್ತಾ ಉಜ್ಜುತ್ತಾ ಒಂದು ದಿನ ಅದರ ಹೊದಿಕೆ ಸವೆಯುತ್ತದೆ. ಹೊಗೆ ಬಂದ ಮೇಲೆ ಹುಡುಕಿದರೆ ಕಾರಣ ಎಲ್ಲೋ ಹಿಂದಿನ ತಿಂಗಳ ರಿಜಿಸ್ಟರ್‌ನಲ್ಲಿ ಇರುತ್ತದೆ. ಬೆಳಿಗ್ಗೆ ಐದು ಗಂಟೆಗೆ ಕಂಟ್ರೋಲ್ ರೂಮಿನಿಂದ ಫೋನ್ ಬರುತ್ತದೆ: ಗಾಡಿ ರೆಡಿ ಇದೆಯಾ? ಆ ಹೊತ್ತಿಗೆ ಇಲ್ಲ ಅನ್ನಲು ಧೈರ್ಯ ಬೇಕು. ಜೊತೆಗೆ ಸಾಕಷ್ಟು ಜನ ಇದ್ದರೆ ಆ ಧೈರ್ಯ ಬರುತ್ತದೆ.

ಲೆಕ್ಕ ಹಾಕುವಾಗಲೂ ಒಂದು ತಪ್ಪು ನಡೆಯುತ್ತದೆ. ಒಂದು ಜಾಗದಲ್ಲಿ ಹಗಲು ರಾತ್ರಿ ಒಬ್ಬ ಇರಬೇಕು ಅಂದರೆ ವಾರಕ್ಕೆ 21 ಪಾಳಿ. ಒಬ್ಬ ಮನುಷ್ಯ ವಾರಕ್ಕೆ 6 ಪಾಳಿ ಮಾಡುತ್ತಾನೆ. ಅಲ್ಲಿಗೇ ಮೂರೂವರೆ ಜನ ಆಯಿತು. ರಜೆ, ಜ್ವರ, ಮದುವೆ, ಟ್ರೈನಿಂಗ್ ಸೇರಿಸಿ. ನಾಲ್ಕಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಕಾಗದದ ಮೇಲೆ ನಲವತ್ತು ಹುದ್ದೆ ಅಂತ ಬರೆದಿದ್ದರೆ, ಯಾವುದೇ ಒಂದು ಹೊತ್ತಿನಲ್ಲಿ ಗಾಡಿ ಹತ್ತಿರ ನಿಂತಿರುವವರು ಹತ್ತೇ ಜನ. ಇದನ್ನು ನೋಡದೆ ಡಿಪೊದಲ್ಲಿ ಜನ ಜಾಸ್ತಿ ಇದ್ದಾರೆ, ಕಡಿತ ಮಾಡಿ ಅನ್ನುವವರು ದಯವಿಟ್ಟು ಒಂದು ರಾತ್ರಿ ಪಾಳಿಗೆ ಬಂದು ನಿಲ್ಲಲಿ.

ಇನ್ನೊಂದು ವಾದ ಇದೆ: ಗಾಡಿಗಳೇ ಕಡಿಮೆ, ಹಾಗಾಗಿ ಜನವೂ ಕಡಿಮೆ ಸಾಕು. ಇದು ಹೊಂದುವುದಿಲ್ಲ. ಹತ್ತೇ ಟೇಬಲ್‌ನ ಹೋಟೆಲಿಗೂ ದೋಸೆ ಹಾಕುವವನು, ಕಾಫಿ ಮಾಡುವವನು, ಹಿಟ್ಟು ರುಬ್ಬುವವನು, ತೊಳೆಯುವವನು ಬೇರೆ ಬೇರೆ ಬೇಕಲ್ವಾ? ಡಿಪೊ ಕೂಡ ಹಾಗೇ. ಗಾಡಿ ಹತ್ತಿದ್ದರೂ ನೂರಿದ್ದರೂ ಬ್ರೇಕಿನವನು ಬೇಕು, ಎಲೆಕ್ಟ್ರಾನಿಕ್ಸ್‌ನವನು ಬೇಕು, ಎಸಿಯವನು ಬೇಕು, ಟೈರಿನವನು ಬೇಕು. ಒಬ್ಬೊಬ್ಬರಿಗೂ ಒಬ್ಬ ಬದಲಿ ಬೇಕು. ದೊಡ್ಡ ಲೋಕಲ್ ಶೆಡ್‌ನಲ್ಲಿ ಒಬ್ಬ ಗೈರಾದರೆ ಪಕ್ಕದ ಲೈನಿನಿಂದ ಒಬ್ಬನನ್ನು ಕರೆಯುತ್ತಿದ್ದೆವು. ಸಣ್ಣ ಡಿಪೊದಲ್ಲಿ ಪಕ್ಕದ ಲೈನೇ ಇರುವುದಿಲ್ಲ. ಹಾಗಾಗಿ ಗಾಡಿಗೆ ಇಷ್ಟು ಜನ ಅನ್ನುವ ಲೆಕ್ಕವನ್ನು ಲೋಕಲ್ ರೈಲಿನಿಂದಲೋ ಮೆಟ್ರೊದಿಂದಲೋ ತಂದು ವಡಾಲಕ್ಕೆ ಅಂಟಿಸಬೇಡಿ. ಗಾಡಿ ಕಡಿಮೆ ಇರುವ ಡಿಪೊಗೆ ಗಾಡಿಯೊಂದಕ್ಕೆ ಜನ ಜಾಸ್ತಿಯೇ ಬೇಕು. ಅದು ದುಂದು ಅಲ್ಲ.

ಮೋನೊರೈಲಿನ ನಿಜವಾದ ಕಷ್ಟ ಇನ್ನೂ ಒಂದಿದೆ. ದೇಶದಲ್ಲಿ ಇರುವುದು ಇದೊಂದೇ. ಮೆಟ್ರೊ ಫಿಟ್ಟರ್ ಬೇಕಂದರೆ ದೆಹಲಿ, ಬೆಂಗಳೂರು, ಚೆನ್ನೈ, ಪುಣೆ, ಎಲ್ಲಿಂದಾದರೂ ಸಿಗುತ್ತಾರೆ. ಮೋನೊರೈಲು ಗೊತ್ತಿರುವ ಫಿಟ್ಟರ್ ವಡಾಲದಲ್ಲಿ ಮಾತ್ರ ಸಿಗುತ್ತಾನೆ. ನಾನು ಇಷ್ಟು ವರ್ಷ ಗಾಡಿ ಕೆಲಸ ಮಾಡಿದವನು. ನಾಳೆ ನನ್ನನ್ನು ವಡಾಲಕ್ಕೆ ಕರೆದರೆ ನಾನೂ ಮೊದಲಿಂದ ಕಲಿಯಬೇಕು. ನಮ್ಮದು ಉಕ್ಕಿನ ಚಕ್ರ, ತಲೆ ಮೇಲಿನ ತಂತಿ. ಅಲ್ಲಿ ಎಲ್ಲವೂ ಬೇರೆ. ಹಾಗಿದ್ದಾಗ ಅಲ್ಲಿ ಕಲಿತ ಒಬ್ಬೊಬ್ಬ ಹುಡುಗನನ್ನೂ ಉಳಿಸಿಕೊಳ್ಳಬೇಕು. ಅವನು ಹೋದರೆ ಅವನ ಜಾಗಕ್ಕೆ ಪೇಟೆಯಲ್ಲಿ ಇನ್ನೊಬ್ಬ ಇಲ್ಲ.

ಆದರೆ ಗುತ್ತಿಗೆ ಪದ್ಧತಿ ಅವನನ್ನು ಉಳಿಸುವುದಿಲ್ಲ. ನಿವೃತ್ತಿಯ ನಂತರ ನಾನು ಕೆಲ ಕಾಲ ಒಬ್ಬ ಗುತ್ತಿಗೆದಾರರ ಕೆಳಗೆ ಹೊಸ ಹುಡುಗರಿಗೆ ಕೆಲಸ ಕಲಿಸುತ್ತಿದ್ದೆ. ಅವರ ಹೆಸರು ಇಲ್ಲಿ ಬೇಡ. ಹುಡುಗರು ಚೆನ್ನಾಗಿದ್ದರು. ಕಲಬುರಗಿ ಕಡೆಯವನೊಬ್ಬ ಇದ್ದ, ಐಟಿಐ ಮಾಡಿದವನು. ಬಾಗಿಲಿನ ಮೋಟರ್ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗುತ್ತಿದೆ ಹೇಳುತ್ತಿದ್ದ. ಅಂಥ ಕಿವಿ ಎಲ್ಲರಿಗೂ ಬರುವುದಿಲ್ಲ. ಟೆಂಡರ್ ಮುಗಿಯಿತು, ಕಡಿಮೆ ದರ ಹೇಳಿದ ಬೇರೆಯವರು ಬಂದರು. ಹೊಸಬರು ಕಡಿಮೆ ಸಂಬಳ ಹೇಳಿದ್ದಕ್ಕೆ ಹುಡುಗರೆಲ್ಲ ಚದುರಿಹೋದರು. ಅವನು ಈಗ ಬೈಕಿನಲ್ಲಿ ಪಾರ್ಸೆಲ್ ಹಂಚುತ್ತಾನೆ. ಅವನಿಗೆ ನಷ್ಟ ಆಯಿತು, ಸರಿ. ಅದಕ್ಕಿಂತ ದೊಡ್ಡ ನಷ್ಟ ಆ ಗಾಡಿಗಳಿಗೆ ಆಯಿತು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುತ್ತಿಗೆಯೇ ಬೇಡ ಅಂತ ನಾನು ಹೇಳುವುದಿಲ್ಲ. ಗಾಡಿ ತೊಳೆಯಲು, ನಿಲ್ದಾಣ ಗುಡಿಸಲು, ಲಿಫ್ಟ್ ನೋಡಿಕೊಳ್ಳಲು ಗುತ್ತಿಗೆ ಇರಲಿ, ಅವರಿಗೂ ಸರಿಯಾದ ಸಂಬಳ ಇರಲಿ. ಆದರೆ ಬ್ರೇಕ್, ಟೈರು, ಕರೆಂಟ್ ಶೂ, ಬಾಗಿಲು, ಕಂಟ್ರೋಲ್ ಎಲೆಕ್ಟ್ರಾನಿಕ್ಸ್, ಈ ಕೆಲಸಗಳನ್ನು ಮಾಡುವವರು ನಿಗಮದ ಕಾಯಂ ನೌಕರರೇ ಆಗಿರಬೇಕು. ಸ್ಕೋಮಿ ಹೋದಾಗ ಕಲಿತ ಪಾಠ ಅದೇ ಅಲ್ವಾ? ಕಂಪನಿ ಹೋದರೆ ಗಾಡಿಯ ಗುಟ್ಟೂ ಅದರ ಜೊತೆ ಹೋಗುತ್ತದೆ.

ಈಗ ನಿಮ್ಮ ಮುಂದೆ ಒಂದು ಒಳ್ಳೆಯ ಅವಕಾಶ ಇದೆ. ಹೊಸ ಗಾಡಿ ಬಂದಾಗ ಮೊದಲ ಕೆಲವು ವರ್ಷ ತಯಾರಕರ ಜನ ಡಿಪೊದಲ್ಲೇ ಇರುತ್ತಾರೆ. ಏನು ಕೆಟ್ಟರೂ ಖಾತರಿಯಲ್ಲಿ ಅವರೇ ರಿಪೇರಿ ಮಾಡುತ್ತಾರೆ. ಆಗ ಎಲ್ಲವೂ ಸುಸೂತ್ರ ಅನ್ನಿಸುತ್ತದೆ, ನಮ್ಮವರನ್ನು ನೇಮಿಸುವ ಅವಸರ ಯಾರಿಗೂ ಇರುವುದಿಲ್ಲ. ಖಾತರಿ ಮುಗಿದ ದಿನ ಅವರು ಪೆಟ್ಟಿಗೆ ಕಟ್ಟುತ್ತಾರೆ. ಆ ದಿನಕ್ಕೆ ನಿಮ್ಮ ಹುಡುಗ ರೆಡಿ ಇರಬೇಕಾದರೆ ಅವನು ಇವತ್ತೇ ಆ ಎಂಜಿನಿಯರ್‌ನ ಪಕ್ಕದಲ್ಲಿ ನಿಂತು ಬೋಲ್ಟ್ ಬಿಚ್ಚಬೇಕು. ನೋಡುತ್ತಾ ನಿಂತರೆ ಬರುವುದಿಲ್ಲ, ಬಿಚ್ಚಬೇಕು. ದೋಷ ಹುಡುಕುವ ಲ್ಯಾಪ್‌ಟಾಪ್, ಅದರ ಪಾಸ್‌ವರ್ಡ್, ಸರ್ಕ್ಯೂಟ್ ನಕ್ಷೆ ಎಲ್ಲವೂ ನಿಗಮದ ಕೈಯಲ್ಲಿ ಇರಬೇಕು. ಒಪ್ಪಂದದಲ್ಲಿ ಇದು ಇದ್ದರೆ ಬಹಳ ಸಂತೋಷ, ಅದನ್ನು ಬಹಿರಂಗವಾಗಿ ಹೇಳಿ. ಇಲ್ಲದಿದ್ದರೆ ಈಗಲೇ ಸೇರಿಸಿ. ನಕ್ಷೆಗಳ ಜೊತೆ ಮರಾಠಿ, ಹಿಂದಿಯಲ್ಲಿ ಕೆಲಸದ ಕೈಪಿಡಿಯನ್ನೂ ಕೇಳಿ. ರಾತ್ರಿ ಎರಡು ಗಂಟೆಗೆ ಇಂಗ್ಲಿಷ್ ಮ್ಯಾನ್ಯುವಲ್ ತಿರುವಿ ಹಾಕುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಿ, ಕಾನೂನೂ ಅದನ್ನೇ ಹೇಳುತ್ತದೆ. ಆದರೆ ಅವರನ್ನು ಕೆಲಸಗಾರರ ಲೆಕ್ಕಕ್ಕೆ ಸೇರಿಸಬೇಡಿ. ಅಪ್ರೆಂಟಿಸ್ ಕಲಿಯಲು ಬಂದವನು. ಅವನ ಪಕ್ಕದಲ್ಲಿ ಕಲಿಸುವವನೊಬ್ಬ ಇರಲೇಬೇಕು, ಅಂದರೆ ಅವನು ಬಂದಾಗ ನಿಮಗೆ ಜನ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು.

ಮುಂಬೈ ಮೆಟ್ರೊದ ಚಾರ್ಕೋಪ್ ಡಿಪೊದಿಂದ ಜನರನ್ನು ಎರವಲು ತರುವ ಯೋಚನೆ ಇದ್ದರೆ ಅದನ್ನೂ ಬಿಡಿ. 2ಎ ಮತ್ತು 7ನೇ ಮೆಟ್ರೊ ಮಾರ್ಗಗಳ ಗಾಡಿಗಳನ್ನು ನಮ್ಮ ಬೆಂಗಳೂರಿನ ಬೆಮೆಲ್ ಕಟ್ಟಿಕೊಟ್ಟಿದೆ. 2022ರ ಏಪ್ರಿಲ್‌ನಿಂದ ಓಡುತ್ತಿವೆ, 2023ರ ಜನವರಿಯಲ್ಲಿ ಮಾರ್ಗ ಪೂರ್ತಿಯಾಯಿತು. ಸರಿಸುಮಾರು ಒಟ್ಟಿಗೇ ಬಂದ ಗಾಡಿಗಳು ಒಟ್ಟಿಗೇ ಹಳೆಯದಾಗುತ್ತವೆ. ಅವುಗಳ ದೊಡ್ಡ ಓವರ್‌ಹಾಲ್ ಕೂಡ ಒಂದರ ಹಿಂದೆ ಒಂದು ಬರುತ್ತದೆ. ಆಗ ಚಾರ್ಕೋಪ್‌ಗೇ ಜನ ಸಾಲುವುದಿಲ್ಲ.

ಪೂರ್ತಿ ಜನ ಸಿಗುವವರೆಗೆ ಏನು ಮಾಡಬೇಕು ಅಂತ ಕೇಳಬಹುದು. ಎಷ್ಟು ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳಲು ಆಗುತ್ತದೋ ಅಷ್ಟನ್ನೇ ಓಡಿಸಿ. ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಮೂರೇ ರೈಲಿನಿಂದ ಶುರುವಾಯಿತು, 25 ನಿಮಿಷಕ್ಕೊಂದು. ಅಲ್ಲಿ ಕೊರತೆ ಇದ್ದದ್ದು ರೈಲುಗಳದ್ದು. ಜನ ಗೊಣಗಿದರು, ಆದರೂ ವೇಳಾಪಟ್ಟಿ ನೋಡಿಕೊಂಡು ಹತ್ತಿದರು. ಮುಂಬೈಯವರೂ ಕಾಯುತ್ತಾರೆ. ಕಾರಣವನ್ನು ನೇರವಾಗಿ ಹೇಳಿದರೆ ಸಾಕು. ಹತ್ತೂ ಗಾಡಿ ಒಮ್ಮೆಗೇ ಬಿಟ್ಟು, ಉದ್ಘಾಟನೆ ಮಾಡಿ, ಆರು ತಿಂಗಳಿಗೆ ನಾಲ್ಕನ್ನು ಮೂಲೆಗೆ ನಿಲ್ಲಿಸುವುದು ಮಾತ್ರ ಬೇಡ. ಇನ್ನೂ ಒಂದು ಮಾತು. ಈ ತೊಲೆಯ ಪಕ್ಕದಲ್ಲಿ ನಡೆಯಲು ದಾರಿ ಇಲ್ಲ. ಮೆಟ್ರೊ ನಿಂತರೆ ಜನ ಇಳಿದು ನಡೆಯಬಹುದು, ಇಲ್ಲಿ ಏಣಿ ಬರುವವರೆಗೆ ಮೇಲೇ ಇರಬೇಕು. ಮಳೆಗಾಲದ ನಾಲ್ಕು ತಿಂಗಳು ಮಾರ್ಗದ ಎರಡೂ ತುದಿಯಲ್ಲಿ ಒಂದೊಂದು ರಿಪೇರಿ ತಂಡ ಸದಾ ತಯಾರಾಗಿ ಇರಬೇಕು. ಅದಕ್ಕೂ ಜನ ಬೇಕು, ಆ ಜನರನ್ನು ಡಿಪೊ ಪಾಳಿಯಿಂದ ಕೀಳಬಾರದು.

ಇನ್ನು ನಮ್ಮ ಮುಂಬೈ ಕನ್ನಡಿಗರಿಗೆ ಎರಡು ಮಾತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಬ್ಯಾಂಕು, ರೈಲ್ವೆ ಸೇರಿದ ಒಂದು ತಲೆಮಾರು ನಮ್ಮಲ್ಲಿ ಇತ್ತು. ಇವತ್ತಿನ ಹುಡುಗರಿಗೆ ಡಿಪೊ ಕೆಲಸ ಅಂಥ ದಾರಿಯಾಗಬಹುದು. ಫಿಟ್ಟರ್, ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್, ಎಸಿ ಮೆಕ್ಯಾನಿಕ್, ಈ ಐಟಿಐ ಕೋರ್ಸುಗಳ ಬಗ್ಗೆ ನಿಮ್ಮ ಚಾಳಿನ, ಬಿಲ್ಡಿಂಗಿನ ಮಕ್ಕಳಿಗೆ ಹೇಳಿ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಂಸ್ಥೆಗಳು ಒಂದು ಭಾನುವಾರ ಸಭೆ ಕರೆದು ಈ ಮಾಹಿತಿ ಕೊಟ್ಟರೆ ಬಹಳ ಉಪಕಾರ. ಪಾಠ ಹೇಳಲು ನಾನು ಬರುತ್ತೇನೆ. ನನ್ನಂಥ ನಿವೃತ್ತರು ಇನ್ನೂ ಹಲವರು ಬರುತ್ತಾರೆ.

ಅಧಿಕಾರಿಗಳೇ, ನಾನು ಕೇಳುವುದು ಒಂದು ಪುಟದ ಪಟ್ಟಿ. ವಡಾಲ ಡಿಪೊದಲ್ಲಿ ನಿರ್ವಹಣೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಅದರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು, ರಾತ್ರಿ ಪಾಳಿಯಲ್ಲಿ ಎಷ್ಟು ಜನ. ಮೊದಲ ಪ್ರಯಾಣಿಕ ಹತ್ತುವ ಮುಂಚೆ ಅದನ್ನು ನಿಮ್ಮ ವೆಬ್‌ಸೈಟಿನಲ್ಲಿ ಹಾಕಿ, 17 ನಿಲ್ದಾಣಗಳಲ್ಲೂ ಅಂಟಿಸಿ. ಆಮೇಲೆ ಮೂರು ತಿಂಗಳಿಗೊಮ್ಮೆ ಬದಲಿಸುತ್ತಾ ಹೋಗಿ. ಗಾಡಿಯನ್ನು ಓಡಲು ಬಿಡಬಹುದು ಅಥವಾ ಬಿಡಬಾರದು ಅನ್ನುವ ಸಹಿ ಡಿಪೊ ಸೂಪರ್‌ವೈಸರ್‌ದೇ ಇರಲಿ, ಮೇಲಿನಿಂದ ಯಾರೂ ಅದನ್ನು ಬದಲಿಸಬಾರದು ಅಂತ ಲಿಖಿತ ಆದೇಶ ಹೊರಡಿಸಿ. ಇವೆರಡಕ್ಕೂ ಹೊಸ ಟೆಂಡರ್ ಬೇಕಿಲ್ಲ. ಉತ್ತರವನ್ನು ಮರಾಠಿಯಲ್ಲೇ ಕೊಡಿ, ಇಲ್ಲಿನ ಕನ್ನಡದವರಿಗೆ ಓದಿ ಹೇಳುವ ಜವಾಬ್ದಾರಿ ನನ್ನದು.

ಇಂತಿ,
ಅಂಟಾಪ್ ಹಿಲ್‌ನ ಒಬ್ಬ ನಿವೃತ್ತ ಕಾರ್‌ಶೆಡ್ ಸೂಪರ್‌ವೈಸರ್